ಗರಿಯ ತೂಕ

ಪ್ರಾಚೀನ ಸಮಾಜಗಳಲ್ಲಿ ಪುರಾಣಕ್ಕೂ ಮತಧರ್ಮಕ್ಕೂ ಇದ್ದ ಸ್ಥಾನವೇನು ಎಂಬ ಪ್ರಶ್ನೆಗೆ ಸಿದ್ಧವಾದ ಉತ್ತರಗಳು ಎರಡಿವೆ. ಅಜ್ಞಾನಿಯಾದ ಮಾನವನು ಪ್ರಕೃತಿಯ ಶಕ್ತಿಗಳಿಗೆ ಹೆದರಿ ದೇವತೆಗಳನ್ನು ಕಲ್ಪಿಸಿಕೊಂಡನೆಂಬುದು ಒಂದು. ಅರಸನೂ ಪುರೋಹಿತನೂ ಕೂಡಿಕೊಂಡು ಬಡವನನ್ನು ಅಂಕೆಯಲ್ಲಿಡಲು ಕಥೆಗಳನ್ನು ಕಟ್ಟಿದರೆಂಬುದು ಇನ್ನೊಂದು. ನಮ್ಮ ಚರ್ಚಾಕೂಟಗಳಲ್ಲಿ ಈ ಎರಡನ್ನೂ ನಾನು ಸಾಕಷ್ಟು ಕೇಳಿದ್ದೇನೆ. ಎರಡರಲ್ಲಿಯೂ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಪ್ರಾಚೀನ ಈಜಿಪ್ಟಿನ ಚರಿತ್ರೆಯನ್ನು ಓದುತ್ತ ಹೋದಂತೆ, ಈ ಎರಡು ಉತ್ತರಗಳ ಹಿಡಿತಕ್ಕೂ ಸಿಕ್ಕದ ಒಂದು ವಿಷಯ ಉಳಿದುಬಿಡುತ್ತದೆಂದು ನನಗೆ ತೋರಿತು. ಅದನ್ನು ಓದುಗರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಈಜಿಪ್ಟು ಮಳೆ ಅಪರೂಪವಾದ ನಾಡು. ನೈಲ್ ನದಿಯ ನೆರೆಯೇ ಅಲ್ಲಿಯ ಮಳೆ, ಅದೇ ಅಲ್ಲಿಯ ಗೊಬ್ಬರ. ವರ್ಷಕ್ಕೊಮ್ಮೆ ಬೇಸಗೆಯಲ್ಲಿ ನೀರೇರಿ, ಹೊಲಗಳನ್ನು ಮುಳುಗಿಸಿ, ಕಪ್ಪು ಮೆಕ್ಕಲು ಮಣ್ಣನ್ನು ಬಿಟ್ಟು ಇಳಿಯುತ್ತಿತ್ತು. ನೆರೆ ಸಾಲದಿದ್ದರೆ ಕ್ಷಾಮ. ಮಿತಿಮೀರಿದರೆ ಊರಿಗೇ ಅಪಾಯ. ಇಂತಹ ನಾಡಿನಲ್ಲಿ ಹುಟ್ಟಿದ್ದು ಒಸಿರಿಸನ ಕಥೆ. ಆತನು ಒಳ್ಳೆಯ ದೊರೆ. ಸ್ವಂತ ತಮ್ಮನಾದ ಸೇತನೇ ಅವನನ್ನು ಕೊಂದನು. ಹೆಂಡತಿ ಐಸಿಸಳು ಅವನ ದೇಹವನ್ನು ಹುಡುಕಿ ಕೂಡಿಸಿದಳು. ಮಗ ಹೋರಸನು ಸಿಂಹಾಸನವನ್ನು ಮರಳಿ ಪಡೆದನು. ಒಸಿರಿಸನು ಸತ್ತವರ ಲೋಕಕ್ಕೆ ದೊರೆಯಾದನು. ಈ ದೇವನ ಆಕಾರದಲ್ಲಿ ಮರದ ಚೌಕಟ್ಟನ್ನು ಮಾಡಿ, ಮಣ್ಣು ತುಂಬಿ, ಕಾಳು ಬಿತ್ತಿ, ಗೋರಿಯಲ್ಲಿ ಇಡುವ ಪದ್ಧತಿಯಿತ್ತು. 1922ರಲ್ಲಿ ತೆರೆದ ತೂತಾಂಖಾಮನ್ ದೊರೆಯ ಗೋರಿಯಲ್ಲಿಯೂ ಅಂಥದೊಂದು ದೊರೆಯಿತು. ಕತ್ತಲಲ್ಲಿ ಮೊಳೆಯುವ ಕಾಳು ಸತ್ತವನಿಗೆ ಭರವಸೆ!

ಈ ಕಥೆಯಿಂದ ಅರಸರಿಗೆ ಲಾಭವಾಗದೆ ಇರಲಿಲ್ಲ. ಬದುಕಿರುವ ದೊರೆ ಹೋರಸ್, ತೀರಿಕೊಂಡ ದೊರೆ ಒಸಿರಿಸ್ ಎಂದ ಮೇಲೆ ಸಿಂಹಾಸನಕ್ಕೆ ಇದಕ್ಕಿಂತ ಭದ್ರವಾದ ಬುನಾದಿ ಬೇರೆ ಬೇಕೆ? ಅಷ್ಟರಮಟ್ಟಿಗೆ ಎರಡನೆಯ ಉತ್ತರ ಸರಿಯೇ.

ಆದರೆ ಆ ದೊರೆಗೂ ಒಂದು ಹೊಣೆಯಿತ್ತು. ಅದರ ಹೆಸರು ಮಾಅತ್. ಸತ್ಯ, ನ್ಯಾಯ, ಲೋಕದ ಸುವ್ಯವಸ್ಥೆ ಇವೆಲ್ಲವೂ ಆ ಒಂದೇ ಮಾತಿನಲ್ಲಿ ಅಡಗಿದ್ದವು. ನಮ್ಮ ವೇದಗಳ 'ಋತ'ವನ್ನು ಅದು ನೆನಪಿಗೆ ತರುತ್ತದೆ. ಮಾಅತ್ ದೇವಿಯೂ ಹೌದು. ತಲೆಯ ಮೇಲೊಂದು ಉಷ್ಟ್ರಪಕ್ಷಿಯ ಗರಿ ಅವಳ ಗುರುತು. ಅರಸನು ಅವಳ ಪುಟ್ಟ ಪ್ರತಿಮೆಯನ್ನು ಅಂಗೈಯಲ್ಲಿ ಹಿಡಿದು ದೇವರಿಗೆ ಅರ್ಪಿಸುವ ಚಿತ್ರಗಳನ್ನು ದೇವಾಲಯದ ಗೋಡೆಗಳ ಮೇಲೆ ಕೊರೆದಿದ್ದಾರೆ. ಮನುಷ್ಯನು ಸತ್ತ ಮೇಲೆ ಅವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಈ ಗರಿಯನ್ನಿಟ್ಟು ತೂಗುವರು. ನಮ್ಮ ಚಿತ್ರಗುಪ್ತನಂತೆ ಥಾತ್ ಎಂಬ ದೇವತೆ ಲೆಕ್ಕ ಬರೆದುಕೊಳ್ಳುವನು. ಸತ್ತವನು 42 ನ್ಯಾಯಾಧಿಪತಿಗಳ ಎದುರಿಗೆ ನಿಂತು ತಾನು ಮಾಡದ ಪಾಪಗಳನ್ನು ಹೇಳಬೇಕು: ಯಾರನ್ನೂ ಹಸಿವಿಗೆ ಗುರಿಮಾಡಲಿಲ್ಲ, ಅಳಿಸಲಿಲ್ಲ, ತೂಕದಲ್ಲಿ ಮೋಸ ಮಾಡಲಿಲ್ಲ, ಹರಿಯಬೇಕಾದ ಕಾಲದಲ್ಲಿ ನೀರನ್ನು ತಡೆಯಲಿಲ್ಲ ಎಂಬಂತೆ. ಈ ಪಟ್ಟಿಯಲ್ಲಿ ದೇವರ ಮೇಲಣ ಅಪರಾಧಗಳಿರುವಂತೆಯೇ ನೆರೆಹೊರೆಯವನ ಮೇಲಣ ಅಪರಾಧಗಳೂ ಇವೆ. ನನ್ನ ಗಮನವನ್ನು ಸೆಳೆದದ್ದು ಈ ಅಂಶ.

ಮನುಷ್ಯನು ಇದರಿಂದ ಜಾರಿಕೊಳ್ಳಲು ದಾರಿಯನ್ನೂ ಹುಡುಕಿಕೊಂಡನು. ತೂಗುವ ಹೊತ್ತಿಗೆ ತನ್ನ ಹೃದಯವೇ ತನ್ನ ವಿರುದ್ಧ ಸಾಕ್ಷಿ ನುಡಿಯದಿರಲೆಂದು ಮಂತ್ರ ಕೊರೆದ ಕಲ್ಲಿನ ಜೀರುಂಡೆಯನ್ನು ಎದೆಯ ಮೇಲೆ ಇಡಿಸಿಕೊಂಡನು. ಪರಲೋಕದ ಮಂತ್ರಗಳ ಸುರುಳಿಗಳನ್ನು, ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಮೊದಲೇ ಬರೆದಿಡುತ್ತಿದ್ದುದೂ ಉಂಟು. ಕೊಂಡವನ ಹೆಸರನ್ನು ಆಮೇಲೆ ತುಂಬಿದರಾಯಿತು. ಧರ್ಮವಿದ್ದಲ್ಲಿ ಅದರ ಅಂಗಡಿಯೂ ಇರುವುದು ಇಂದಿನ ಮಾತಲ್ಲ.

ಹಾಗಾದರೆ ಆ ಗರಿಗೆ ಈ ಲೋಕದಲ್ಲಿ ಏನಾದರೂ ತೂಕವಿತ್ತೆ? ಇದಕ್ಕೆ ಒಂದು ಘಟನೆಯನ್ನು ಹೇಳಬೇಕು. ಥೀಬ್ಸ್ ನಗರದ ಎದುರಿಗೆ, ನೈಲಿನ ಪಶ್ಚಿಮ ದಂಡೆಯಲ್ಲಿ, ಅರಸರ ಗೋರಿಗಳನ್ನು ಕೊರೆಯುವ ಕುಶಲಕರ್ಮಿಗಳ ಒಂದು ಹಳ್ಳಿಯಿತ್ತು. ಇಂದು ಆ ಸ್ಥಳಕ್ಕೆ ದೈರ್ ಎಲ್-ಮದೀನ ಎಂದು ಹೆಸರು. ಅವರ ಸಂಬಳ ಕಾಳಿನ ರೂಪದಲ್ಲಿ ಬರುತ್ತಿತ್ತು. ಮೂರನೆಯ ರಾಮ್ಸೆಸ್ ದೊರೆಯ 29ನೆಯ ಆಳ್ವಿಕೆಯ ವರ್ಷದಲ್ಲಿ, ಎಂದರೆ ಸುಮಾರು ಕ್ರಿ.ಪೂ. 1157ರಲ್ಲಿ, ಕಾಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕೆಲಸಗಾರರು ಉಪಕರಣಗಳನ್ನು ಕೆಳಗಿಟ್ಟು, ಕಾವಲಿನ ಗೋಡೆಗಳನ್ನು ದಾಟಿ ಬಂದು, ದೇವಾಲಯವೊಂದರ ಹಿಂಬದಿಯಲ್ಲಿ ಕುಳಿತುಬಿಟ್ಟರು. ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ. ದೊರೆಗೆ ಬರೆದು ತಿಳಿಸಿರಿ ಎಂದು ಕೇಳಿದರು. ಬಾಕಿಯ ಕಾಳು ಬಂದಿತು. ಮತ್ತೆ ತಡವಾಯಿತು, ಮತ್ತೆ ಹೊರಬಂದರು. ಆಗ ಅವರು ಹೇಳಿದ ಮಾತಿನ ಸಾರಾಂಶವಿಷ್ಟು: ನಾವು ಬಂದದ್ದು ಬರಿಯ ಹಸಿವಿಗಾಗಿ ಅಲ್ಲ, ದೊರೆಯ ಈ ಸ್ಥಳದಲ್ಲಿಯೇ ಅನ್ಯಾಯ ನಡೆಯುತ್ತಿದೆ. ಇದನ್ನು ದಾಖಲೆ ಮಾಡಿದ ಸುರುಳಿ ಇಟಲಿಯ ತೂರಿನ್ ವಸ್ತುಸಂಗ್ರಹಾಲಯದಲ್ಲಿದೆ. ನಮಗೆ ಲಿಖಿತ ದಾಖಲೆ ದೊರೆತಿರುವ ಮೊದಲ ಮುಷ್ಕರ ಇದೇ ಎನ್ನುತ್ತಾರೆ.

ಹಸಿವನ್ನು ಹಸಿವೆನ್ನಲು ಯಾವ ಪುರಾಣವೂ ಬೇಡ. ಆದರೆ ಹಸಿವನ್ನು ಅನ್ಯಾಯವೆನ್ನಲು ಒಂದು ಅಳತೆಗೋಲು ಬೇಕು. ಆ ಕಲ್ಲುಕುಟಿಗರು, ಚಿತ್ರಕಾರರು ತಮ್ಮ ಕೈಯಿಂದಲೇ ಗೋರಿಯ ಗೋಡೆಗಳ ಮೇಲೆ ಮಾಅತ್ ದೇವಿಯನ್ನು ಬರೆದವರು; ತಕ್ಕಡಿಯನ್ನೂ ಬರೆದವರು. ಅರಸನ ಭದ್ರತೆಗೆಂದು ಬರೆದ ಕಥೆ, ಬರೆದವನ ಬಾಯಲ್ಲಿ ಅರಸನ ಅಧಿಕಾರಿಗಳ ಮೇಲಣ ದೂರಾಗಿ ಹೊರಬಂದಿತೆಂದು ನಾನು ಭಾವಿಸುತ್ತೇನೆ.

ಇದರಿಂದ ಎಲ್ಲವೂ ಸರಿಹೋಯಿತೆಂದಲ್ಲ. ಅರ್ಧ ಶತಮಾನದೊಳಗೆ, ಒಂಬತ್ತನೆಯ ರಾಮ್ಸೆಸನ ಕಾಲದಲ್ಲಿ, ಕಲ್ಲುಕುಟಿಗನೊಬ್ಬನು ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡನು: ಹಳೆಯ ಅರಸನೊಬ್ಬನ ಗೋರಿಗೆ ಕನ್ನ ಹಾಕಿ, ಚಿನ್ನವನ್ನು ಸುಲಿದುಕೊಂಡು, ಶವಪೆಟ್ಟಿಗೆಗೆ ಬೆಂಕಿಯಿಟ್ಟೆವು ಎಂದು. ಕೊಡಬೇಕಾದದ್ದನ್ನು ಕೊಡದ ಅಧಿಕಾರಕ್ಕೆ ಪುರಾಣವು ಬಹುಕಾಲ ಕಾವಲು ಕಾಯಲಾರದೆಂಬುದು ಇದರಿಂದ ನನಗೆ ತೋರುವ ಪಾಠ.

1970ರಲ್ಲಿ ಅಸ್ವಾನಿನ ಎತ್ತರದ ಅಣೆಕಟ್ಟು ಮುಗಿದ ಮೇಲೆ ಈಜಿಪ್ಟಿನಲ್ಲಿ ನೈಲಿನ ಆ ವಾರ್ಷಿಕ ನೆರೆ ನಿಂತುಹೋಗಿದೆ. ನೆರೆಯ ಭಯದಿಂದ ಹುಟ್ಟಿದ ದೇವತೆಗಳಿಗೆ ಈಗ ಅಲ್ಲಿ ಕೆಲಸವಿಲ್ಲ. ಆದರೆ ಯಾರನ್ನೂ ಹಸಿವಿಗೆ ಗುರಿಮಾಡಲಿಲ್ಲವೆಂದು ಎದೆಮುಟ್ಟಿ ಹೇಳಬೇಕಾದ ಸಂದರ್ಭ ಯಾವ ಅಣೆಕಟ್ಟಿನಿಂದಲೂ ತಪ್ಪಿಲ್ಲ. ನಾಳೆ ನಮ್ಮಲ್ಲಿ ಕೆಲವರು ಕಚೇರಿಗಳಲ್ಲಿ ಕುಳಿತು ಬೇರೆಯವರ ಕಾಳಿನ ಲೆಕ್ಕವನ್ನು ಬರೆಯುವವರಾಗಬಹುದು. ಪ್ರಾಚೀನರ ಪುರಾಣವನ್ನು ನಂಬಬೇಕಾಗಿಲ್ಲ. ಲೆಕ್ಕ ಬರೆಯುವಾಗ ಆ ಗರಿಯನ್ನು ನೆನೆದರೆ ಸಾಕು.