ಕರಜಗಿಯ ಎರೆಮಣ್ಣು, ತಾಳಿಕೋಟೆಯ ದಂಡು

ಕಲಬುರಗಿಯಿಂದ ಅಫಜಲಪುರದ ಬಸ್ಸು ಹತ್ತಿ, ಅಲ್ಲಿಂದ ಮುಂದಕ್ಕೆ ಗಡಿಯ ಕಡೆ ಸಾಗಿದರೆ ಕರಜಗಿ ಸಿಗುತ್ತದೆ. ಎಡಕ್ಕೂ ಬಲಕ್ಕೂ ತೊಗರಿ, ಜೋಳ, ನೀರಿದ್ದ ಕಡೆ ಕಬ್ಬು. ಭೀಮಾ ನದಿ ದೂರವಿಲ್ಲ. ಮಹಾರಾಷ್ಟ್ರದ ಅಕ್ಕಲಕೋಟೆಯ ಸೀಮೆಯೂ ದೂರವಿಲ್ಲ. ಪ್ರವಾಸಿಗರು ಈ ದಾರಿಯಲ್ಲಿ ದೇವಲ ಗಾಣಗಾಪುರದ ದತ್ತನಿಗಾಗಿ, ಘತ್ತರಗಿಯ ಭಾಗ್ಯವಂತಿಗಾಗಿ ಬರುತ್ತಾರೆಯೇ ಹೊರತು ಕರಜಗಿಯನ್ನು ನೋಡಲೆಂದು ಬರುವವರು ಕಡಿಮೆ. ನೋಡುವಂಥದ್ದು ಏನಿದೆ ಎಂದು ಕೇಳಿದರೆ ನಾನು ಕಾಲ ಕೆಳಗಿನ ಮಣ್ಣನ್ನು ತೋರಿಸುತ್ತೇನೆ. ಮಳೆ ಬಿದ್ದರೆ ಚಪ್ಪಲಿಗೆ ಎರಡು ಕಿಲೋ ಅಂಟಿಕೊಳ್ಳುವ, ಬೇಸಿಗೆಯಲ್ಲಿ ಅಂಗೈ ಹಿಡಿಸುವಷ್ಟು ಬಿರುಕು ಬಿಡುವ ಎರೆಮಣ್ಣು. ಇದರ ಜೇಡಿಕಣಗಳ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗುತ್ತದೆ. ಇದು ಪಾಠದ ಮಾತು. ಆದರೆ ಈ ಮಣ್ಣಿನಲ್ಲಿ ಗೊಂಬೆ ಮಾಡಲು ಕುಳಿತರೆ ಪಾಠ ಬೆರಳಿಗೇ ತಿಳಿಯುತ್ತದೆ.

ನಮ್ಮ ಕಡೆಯ ಮಕ್ಕಳಿಗೆ ಗೊಂಬೆ ಮಾಡುವುದು ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದಲ್ಲಿ ಗುಳ್ಳವ್ವ, ದೀಪಾವಳಿಗೆ ಸಗಣಿಯ ಪಾಂಡವರು. ಗಡಿಯಾಚೆ ಮಹಾರಾಷ್ಟ್ರದಲ್ಲಿ, ಇತ್ತ ಬೆಳಗಾವಿಯಲ್ಲಿ, ಮಕ್ಕಳು ದೀಪಾವಳಿಗೆ ಮಣ್ಣು ಕಲ್ಲುಗಳ ಕಿಲ್ಲೆ ಕಟ್ಟಿ ಅದರ ಮೇಲೆ ಶಿವಾಜಿಯನ್ನೂ ಮಾವಳೆ ಸಿಪಾಯಿಗಳನ್ನೂ ನಿಲ್ಲಿಸುತ್ತಾರೆ. ಪರದೇಶಗಳಲ್ಲಿ ದೊಡ್ಡವರೇ ಇದನ್ನು ಹವ್ಯಾಸವಾಗಿ ಬೆಳೆಸಿದ್ದಾರೆ. ಬೆರಳುದ್ದದ ಸಿಪಾಯಿಗಳಿಗೆ ಆಯಾ ಕಾಲದ ಉಡುಪಿನ ಬಣ್ಣ ಹಚ್ಚಿ, ಮೇಜಿನ ಮೇಲೆ ಹಳೆಯ ಯುದ್ಧವನ್ನು ದಾಳ ಎಸೆದು ಮತ್ತೆ ಆಡುತ್ತಾರೆ. 1824ರಲ್ಲಿ ಪ್ರಷ್ಯದ ಸೈನ್ಯ ತನ್ನ ಅಧಿಕಾರಿಗಳ ತರಬೇತಿಗೆ ಇಂಥ ಆಟವೊಂದನ್ನು ಒಪ್ಪಿಕೊಂಡಿತು. 1913ರಲ್ಲಿ ಎಚ್.ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು ಅದನ್ನು ಮನೆಮನೆಯ ಆಟವಾಗಿಸಲು ನೋಡಿದ. ವೆಲ್ಸ್ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಶಾಲೆಯಲ್ಲಿ ವಿಜ್ಞಾನ ಕಲಿಸಿದವನು ಎಂಬುದನ್ನು ಇಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ! ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಮೇಲೆಂದು ಅವನು ಆ ಪುಸ್ತಕದಲ್ಲಿ ವಾದಿಸಿದ್ದ. ಮರುವರ್ಷವೇ ಮೊದಲನೆಯ ಮಹಾಯುದ್ಧ ಶುರುವಾಯಿತು.

ಈ ಹವ್ಯಾಸದವರು ನೆಪೋಲಿಯನ್ನನನ್ನೋ ರೋಮನ್ನರನ್ನೋ ಹಿಡಿದಷ್ಟು ದಖ್ಖನ್ನಿನ ಹದಿನಾರನೆಯ ಶತಮಾನವನ್ನು ಹಿಡಿದಿಲ್ಲ. ನಾವು ಹಿಡಿದೆವು. ನಾವು ಎಂದರೆ ನಾನು ಮತ್ತು ರವಿವಾರ ಸಂಜೆ ಬರುವ ಏಳೆಂಟು ಮಕ್ಕಳು. ಆರಿಸಿಕೊಂಡದ್ದು 1565ರ ಜನವರಿ 23ರ ಯುದ್ಧ. ಪಠ್ಯದಲ್ಲಿ ತಾಳಿಕೋಟೆ ಯುದ್ಧ, ರಕ್ಕಸಗಿ-ತಂಗಡಗಿ ಯುದ್ಧ ಎಂದೆಲ್ಲ ಓದಿರುತ್ತೀರಿ. ಒಂದು ಕಡೆ ವಿಜಯನಗರದ ಅಳಿಯ ರಾಮರಾಯ, ಇನ್ನೊಂದು ಕಡೆ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರು.

ಮೊದಲ ದಿನವೇ ಎಂಟನೆಯ ತರಗತಿಯ ಹುಡುಗನೊಬ್ಬ ಎರಡು ಬಣ್ಣದ ಡಬ್ಬಿ ತಂದ. “ಸರ, ಈ ಕಡಿಯವ್ರಿಗಿ ಹಸರ, ಆ ಕಡಿಯವ್ರಿಗಿ ಕೇಸರಿ. ಹೌದಲ್ರಿ?” ಪಕ್ಕದಲ್ಲೇ ಕುಳಿತಿದ್ದ ಅವನ ಗೆಳೆಯ, ಮುಸ್ಲಿಂ ಮನೆಯ ಹುಡುಗ, ಏನೂ ಮಾತಾಡದೆ ಕುಂಚದ ಕೂದಲು ಕೀಳತೊಡಗಿದ. ಹೌದು ಎನ್ನುವುದಕ್ಕೂ ಅಲ್ಲ ಎನ್ನುವುದಕ್ಕೂ ಆಧಾರ ಬೇಕು. “ಡಬ್ಬಿ ಮುಚ್ಚಿಡ್ರಿ, ಮೊದಲು ನೋಡಿಕೊಂಡು ಬರೋಣ” ಎಂದೆ. ನಮ್ಮ ತಿರುಗಾಟ ಶುರುವಾದದ್ದು ಹೀಗೆ.

ಭೀಮಾ ದಾಟಿ ಸಿಂದಗಿ ಮಾರ್ಗವಾಗಿ ಮೊದಲು ವಿಜಯಪುರಕ್ಕೆ ಹೋದೆವು. ಗೋಳಗುಮ್ಮಟವನ್ನು ಎಲ್ಲರೂ ನೋಡುತ್ತಾರೆ. ನಮಗೆ ಬೇಕಾಗಿದ್ದುದು ಕೋಟೆಯ ಪಶ್ಚಿಮಕ್ಕೆ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತಾಳಿಕೋಟೆ ಯುದ್ಧದಲ್ಲಿ ಇದೂ ಇತ್ತೆಂದು ಹೇಳುತ್ತಾರೆ. ಬಾಯಿಯ ಬಳಿ ಸಿಂಹದಂಥ ಮುಖ, ದವಡೆಯಲ್ಲಿ ಸಿಕ್ಕ ಆನೆ. ಉದ್ದ ಸುಮಾರು 14 ಅಡಿ, ಅಡ್ಡಗಲ ಒಂದೂವರೆ ಮೀಟರ್, ಒಳಗಿನ ಕೊಳವೆ ಸುಮಾರು 70 ಸೆಂ.ಮೀ., ತೂಕ 55 ಟನ್ ಎನ್ನುತ್ತಾರೆ. ಬಿಸಿಲಿನಲ್ಲೂ ಮುಟ್ಟಿದರೆ ತಣ್ಣಗಿರುತ್ತದೆ ಎಂಬ ಮಾತೂ ಇದೆ. ಮೇ ತಿಂಗಳಲ್ಲಿ ಹೋದವರು ನಂಬುವುದು ಕಷ್ಟ.

ನಮ್ಮ ಗೊಂಬೆಗಳ ಪ್ರಮಾಣ 72ಕ್ಕೆ 1. ಐದೂವರೆ ಅಡಿಯ ಮನುಷ್ಯ ಸುಮಾರು 23 ಮಿ.ಮೀ. ಆಗುತ್ತಾನೆ. ತೋಪು ಸುಮಾರು 6 ಸೆಂ.ಮೀ. ಹಾಗಾದರೆ ಅದರ ತೂಕ? 72 ಪಾಲು ಮಾಡಿದರೆ ತಪ್ಪು. ತೂಕ ಗಾತ್ರದ ಜೊತೆ ಹೋಗುತ್ತದೆ, ಗಾತ್ರ ಉದ್ದದ ಘನದ ಜೊತೆ. 72ರ ಘನ 3,73,248. ಐವತ್ತೈದು ಟನ್ನನ್ನು ಅದರಿಂದ ಭಾಗಿಸಿದರೆ ಸುಮಾರು 147 ಗ್ರಾಂ. ಆಮೇಲೆ ಹುಡುಗಿಯೊಬ್ಬಳು ತಿರುಗಿಸಿ ಲೆಕ್ಕ ಹಾಕಿದಳು: 6 ಸೆಂ.ಮೀ. ಉದ್ದದ, 2 ಸೆಂ.ಮೀ. ದಪ್ಪದ, ನಡುವೆ 1 ಸೆಂ.ಮೀ. ತೂತಿರುವ ಕಂಚಿನ ಕೊಳವೆ ಎಷ್ಟು ತೂಗಬೇಕು? ಸುಮಾರು 130 ಗ್ರಾಂ ಬಂತು. ಅಂದರೆ ಪುಸ್ತಕದಲ್ಲಿರುವ 55 ಟನ್ ತೀರಾ ಉತ್ಪ್ರೇಕ್ಷೆಯಲ್ಲ. ಬಸ್ಸಿನಲ್ಲಿ ಕುಳಿತು ಟಿಕೆಟ್ಟಿನ ಹಿಂಬದಿಯಲ್ಲಿ ಅವಳು ಈ ಲೆಕ್ಕ ಮಾಡಿದ್ದು ನನಗೆ ಗೋಳಗುಮ್ಮಟಕ್ಕಿಂತ ಹೆಚ್ಚು ನೆನಪಿದೆ.

ಹಂಪಿಗೆ ಹೋದಾಗ ಹಜಾರರಾಮ ದೇವಾಲಯದ ಹೊರಗೋಡೆಯ ಮುಂದೆ ಅರ್ಧ ದಿನ ಕಳೆದೆವು. ಸಾಲುಸಾಲು ಆನೆ, ಕುದುರೆ, ಕಾಲಾಳು. ಮಕ್ಕಳು ನೋಟ್‌ಬುಕ್ಕಿನಲ್ಲಿ ಕತ್ತಿ ಹಿಡಿದ ಕೈ, ಕುದುರೆಯ ಜೀನು, ತಲೆಯ ಉಡುಗೆಗಳನ್ನು ಬರೆದುಕೊಂಡರು. ಬಣ್ಣ ಮಾತ್ರ ಕಲ್ಲಿನಲ್ಲಿ ಇಲ್ಲವಲ್ಲ! ಅದಕ್ಕೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆಸರೆ. 1520ರ ಸುಮಾರಿಗೆ ವಿಜಯನಗರದ ದಂಡನ್ನು ಕಣ್ಣಾರೆ ಕಂಡವನು. ಹತ್ತಿ ತುಂಬಿ ಹೊಲಿದ ದಪ್ಪ ಅಂಗಿಗಳು, ಹೂವಿನ ಚಿತ್ತಾರದ, ಹುಲಿಯ ಚಿತ್ರದ ಗುರಾಣಿಗಳು, ಇನ್ನು ಕೆಲವು ಮುಖ ಕಾಣುವಷ್ಟು ನುಣುಪಾದ ಕರಿ ಗುರಾಣಿಗಳು ಎಂದು ವರ್ಣಿಸಿದ್ದಾನೆ. ಒಂದೇ ಬಣ್ಣದ ಸಮವಸ್ತ್ರ ಎಲ್ಲಿಯೂ ಇಲ್ಲ. ಆಂಧ್ರದ ಲೇಪಾಕ್ಷಿಯಲ್ಲಿ, ಅದೇ ಶತಮಾನದ ಛಾವಣಿ ಚಿತ್ರಗಳಲ್ಲಿ, ವಿಜಯನಗರದ ಶ್ರೀಮಂತರು ಉದ್ದನೆಯ ನಿಲುವಂಗಿ ತೊಟ್ಟು ಎತ್ತರದ ಕುಲಾವಿ ಇಟ್ಟು ನಿಂತಿದ್ದಾರೆ. ಅದು ಸುಲ್ತಾನರ ಆಸ್ಥಾನಗಳ ಉಡುಪಿನ ರೀತಿಯೇ. ಹಂಪಿಯಲ್ಲೇ 1439ರಲ್ಲಿ ಅಹಮದ್ ಖಾನ್ ಎಂಬ ವಿಜಯನಗರದ ಅಧಿಕಾರಿ ಕಟ್ಟಿಸಿದ ಕಟ್ಟಡ ಇದೆ. ರಾಮರಾಯನೇ ತನ್ನ ಯೌವನದಲ್ಲಿ ಗೋಲ್ಕೊಂಡದ ಸುಲ್ತಾನನ ಬಳಿ ನೌಕರಿ ಮಾಡಿದ್ದನೆಂದು ಅಲ್ಲಿನ ಬಖೈರು ಹೇಳುತ್ತದೆ. ಬಿಜಾಪುರದ ದಂಡಿನಲ್ಲಿ ಮರಾಠರೂ ಕನ್ನಡಿಗರೂ ಇದ್ದರು, ವಿಜಯನಗರದ ದಂಡಿನಲ್ಲಿ ಮುಸ್ಲಿಂ ಸರದಾರರಿದ್ದರು.

“ಹಂಗಾರ ನಮ್ಮೂರವರು ಯಾ ಕಡಿ ಇದ್ರಿ ಸರ?” ಎಂದು ಅದೇ ಹುಡುಗ ಕೇಳಿದ. ನಕಾಶೆ ಹರಡಿ ತೋರಿಸಿದೆ. ವಿಜಯನಗರಕ್ಕೂ ಸುಲ್ತಾನರಿಗೂ ತಕರಾರಿದ್ದ ನೆಲ ಕೃಷ್ಣಾ-ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ. ಕರಜಗಿ ಅದರ ಉತ್ತರಕ್ಕೆ, ಆದಿಲಶಾಹಿ ಸೀಮೆಯಲ್ಲಿ. ಇಲ್ಲಿಂದ ಯಾರಾದರೂ ಎತ್ತಿನ ಬಂಡಿ ಹೊಡೆದುಕೊಂಡು ದಂಡಿನ ಹಿಂದೆ ಹೋಗಿದ್ದರೆ ಅದು ಬಿಜಾಪುರದ ದಂಡೇ ಆಗಿರಬೇಕು. ಹೋದವನು ನಮ್ಮ ಹಾಗೇ ಕನ್ನಡ ಮಾತಾಡುತ್ತಿದ್ದ, ಜೋಳದ ರೊಟ್ಟಿ ಕಟ್ಟಿಕೊಂಡಿದ್ದ. ಹುಡುಗ ಬಹಳ ಹೊತ್ತು ನಕಾಶೆ ನೋಡಿದ. ಮರುವಾರ ಹಸಿರು ಕೇಸರಿ ಡಬ್ಬಿಗಳ ಮಾತು ಬರಲಿಲ್ಲ. ಕುಂಚದ ಕೂದಲು ಕೀಳುತ್ತಿದ್ದವನು ಅಹಮದ್‌ನಗರದ ತೋಪುಖಾನೆಯನ್ನು ತಾನೇ ಕೇಳಿ ತೆಗೆದುಕೊಂಡ.

ಇನ್ನು ಗೊಂಬೆಯ ಕೆಲಸ. ಕಾಲಾಳುಗಳನ್ನು ಎರೆಮಣ್ಣಿನಲ್ಲಿ ಮಾಡಲಾಗದು. ಮಣ್ಣೆತ್ತಿನ ಕಾಲು ಹೆಬ್ಬೆರಳಿನಷ್ಟು ದಪ್ಪವಿರುವುದರಿಂದ ನಿಲ್ಲುತ್ತದೆ. ಮೂರು ಮಿ.ಮೀ. ಕಾಲು ಒಣಗುವಾಗಲೇ ಕುಗ್ಗಿ ಬಿರಿಯುತ್ತದೆ. ಕಲಬುರಗಿ ಶರಣಬಸವೇಶ್ವರ ಜಾತ್ರೆಯಲ್ಲಿ ಪೊಟ್ಟಣಗಟ್ಟಲೆ ಸಿಗುವ ಪ್ಲಾಸ್ಟಿಕ್ ಸಿಪಾಯಿಗಳನ್ನು ತಂದೆವು. ಹೆಲ್ಮೆಟ್, ಬೂಟು, ಬಂದೂಕು ಎಲ್ಲ ಈ ಕಾಲದವು. ಹೆಲ್ಮೆಟ್ಟನ್ನು ಬ್ಲೇಡಿನಿಂದ ಹೆರೆದು ಎಂ-ಸೀಲಿನ ಎಳೆ ಸುತ್ತಿದರೆ ರುಮಾಲು. ಫೆವಿಕಾಲ್ ನೀರಿನಲ್ಲಿ ಅದ್ದಿದ ತೆಳು ಕಾಗದ ಸುತ್ತಿದರೆ ನಿಲುವಂಗಿ. ಮಂಡಿಯೂರಿ ಗುಂಡು ಹಾರಿಸುವವನ ಬಂದೂಕಿನ ತುದಿಗೆ ತಂತಿ ಸೇರಿಸಿ ಉದ್ದ ಮಾಡಿದರೆ ಬತ್ತಿಯಿಂದ ಕಿಡಿ ಕೊಡುವ ಹಳೆಯ ಕೋವಿ. ಬಾಂಬು ಎಸೆಯುವವನ ಕೈಗೆ ಕಸಬರಿಗೆ ಕಡ್ಡಿ ಕೊಟ್ಟರೆ ಈಟಿಗಾರ; ಹತ್ತು ಅಡಿ ಈಟಿಗೆ ನಾಲ್ಕು ಸೆಂ.ಮೀ. ಕಡ್ಡಿ ಸಾಕು. ಬೆನ್ನ ಮೇಲೆ ವೈರ್‌ಲೆಸ್ ಪೆಟ್ಟಿಗೆ ಹೊತ್ತವನು ಏನಾಗಬೇಕು? ಸುಲ್ತಾನರ ತೋಪುಗಳಿಗೆ ತಾಮ್ರದ ದುಡ್ಡಿನ ಚೀಲ ತುಂಬಿ ಹಾರಿಸಿದರು, ಅದರಿಂದ ಸಾವಿರಾರು ಜನ ಸತ್ತರು ಎಂದು ಫೆರಿಷ್ತಾ ಬರೆದಿದ್ದಾನೆ. ವೈರ್‌ಲೆಸ್‌ನವನು ಆ ದುಡ್ಡಿನ ಚೀಲ ಹೊರುವವನಾದ.

ಗುರಾಣಿಗೆ ಏನು ಮಾಡುವುದೆಂದು ತಲೆ ಕೆಡಿಸಿಕೊಂಡಿದ್ದೆವು. ಒಂದೂವರೆ ಅಡಿಯ ಗುರಾಣಿ 6 ಮಿ.ಮೀ. ಆಗಬೇಕು, ದುಂಡಗಿರಬೇಕು, ನಡುವೆ ಉಬ್ಬಿರಬೇಕು. ಉತ್ತರ ಅಡುಗೆಮನೆಯ ಡಬ್ಬಿಯಲ್ಲೇ ಇತ್ತು, ತೊಗರಿಬೇಳೆ! ಇಡೀ ನಾಡಿಗೆ ಬೇಳೆ ಕೊಡುವ ಜಿಲ್ಲೆ ನಮ್ಮದು. ಒಂದು ದಂಡಿಗೆ ಗುರಾಣಿ ಕೊಡಲಾರದೆ? ಸುತ್ತಲೂ ಫೆವಿಕಾಲ್ ಬಳಿದರೆ ಹುಳ ಹಿಡಿಯುವುದಿಲ್ಲ. ಮೇಲೆ ಕಪ್ಪು ನೇಲ್ ಪಾಲಿಶ್ ಹಚ್ಚಿದರೆ ಪಾಯಸ್ ಕಂಡ ಕನ್ನಡಿಯಂಥ ಕರಿ ಗುರಾಣಿ. ಕತ್ತಿ ಮಾತ್ರ ಪ್ರಮಾಣಕ್ಕೆ ಬಗ್ಗುವುದಿಲ್ಲ. ನಾಲ್ಕು ಮಿ.ಮೀ. ದಪ್ಪದ ಕತ್ತಿ 72 ಪಾಲಾದರೆ ನೋಟ್‌ಬುಕ್ಕಿನ ಹಾಳೆಗಿಂತ ತೆಳುವಾಗುತ್ತದೆ. ಅಲ್ಲಿ ಸುಳ್ಳು ಹೇಳಲೇಬೇಕು.

ಈ ಪ್ಲಾಸ್ಟಿಕ್ ಮೇಣದಂತೆ ಜಾರುವಂಥದು, ಬಣ್ಣ ಹಿಡಿಯದು. ಸೋಪಿನಿಂದ ತೊಳೆದು, ತೆಳು ಫೆವಿಕಾಲ್ ಒಂದು ಪದರ ಕೊಡಬೇಕು. ಇದಕ್ಕೆ ಗುರು ಕೊಪ್ಪಳ ಬಳಿಯ ಕಿನ್ನಾಳದ ಚಿತ್ರಗಾರರು. ಅವರು ಹಗುರ ಮರದ ಗೊಂಬೆಗೆ ನೇರ ಬಣ್ಣ ಹಚ್ಚುವುದಿಲ್ಲ. ಹುಣಸೆಬೀಜದ ಅಂಟಿನಿಂದ ಬಟ್ಟೆಯ ತುಂಡುಗಳನ್ನು ಅಂಟಿಸಿ, ಅದರ ಮೇಲೆ ನುಣ್ಣಗೆ ಅರೆದ ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಆಭರಣಗಳನ್ನು ಅದೇ ಲೇಪದಿಂದ ಉಬ್ಬಿಸುತ್ತಾರೆ. ಬಣ್ಣಕ್ಕೆ ಬಟ್ಟೆಯ ಮೇಲೆ ಹಚ್ಚುವ ಫ್ಯಾಬ್ರಿಕ್ ಕಲರ್ ಒಳ್ಳೆಯದು, ಪ್ಲಾಸ್ಟಿಕ್ ಬಾಗಿದರೂ ಸಿಡಿಯುವುದಿಲ್ಲ. ಪೋಸ್ಟರ್ ಕಲರ್ ಕೈಗೆ ಅಂಟುತ್ತದೆ. ಕಾಲಾಳುಗಳಿಗೆ ನಾವು ಬಳಸಿದ್ದು ಹೆಚ್ಚಾಗಿ ಬಣ್ಣವಿಲ್ಲದ ಹತ್ತಿಯ ಮಾಸಲು ಬಿಳಿ, ನಡುನಡುವೆ ನೀಲಿ, ಮಂಜಿಷ್ಠದ ಕೆಂಪು. ಆಗಿನ ಬಡವನಿಗೆ ಬಣ್ಣದ ಬಟ್ಟೆ ಅಗ್ಗವಾಗಿರಲಿಲ್ಲ. ಮಡಿಕೆಗಳೊಳಗೆ ಕಂದು ನೀರು ಇಳಿಬಿಡಬೇಕು. ಇಷ್ಟು ಚಿಕ್ಕ ಗೊಂಬೆಯಲ್ಲಿ ನಿಜವಾದ ನೆರಳು ಕಣ್ಣಿಗೆ ಕಾಣುವಷ್ಟು ಬೀಳುವುದಿಲ್ಲ, ನೆರಳನ್ನೂ ಬರೆಯಬೇಕು.

ತಂದೆ ತಾಯಿಗಳಿಗೆ ಒಂದು ಮಾತು. ಹಳೆಯ ಸೀಸದ ಗೊಂಬೆ ಸಿಕ್ಕರೆ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂದು 2016ರಲ್ಲಿ ನಿಯಮ ಬಂದಿದೆ. ಅಟ್ಟದ ಮೇಲಿನ ಹಳೆಯ ಹಳದಿ ಡಬ್ಬಿಗೆ ಆ ನಿಯಮ ಗೊತ್ತಿಲ್ಲ. ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುವ ಚಟ ಮಕ್ಕಳಿಗೆ ಬೇಗ ಅಂಟುತ್ತದೆ, ಬಿಡಿಸಿ. “ಇದರಿಂದ ಮಾರ್ಕ್ಸ್ ಬರ್ತಾವೇನ್ರಿ ಸರ?” ಎಂದು ಒಬ್ಬ ತಂದೆ ಕೇಳಿದರು. ಬರುವುದಿಲ್ಲವೆಂದೆ. ಅವರ ಮಗಳೇ ಬಸ್ ಟಿಕೆಟ್ಟಿನ ಮೇಲೆ ತೋಪಿನ ಲೆಕ್ಕ ಮಾಡಿದವಳು.

ಆಟದ ಹಲಗೆ ಆರು ಅಡಿಗೆ ನಾಲ್ಕು ಅಡಿ. 72ರ ಲೆಕ್ಕದಲ್ಲಿ ಅದು ಒಂದು ಕ್ರಿಕೆಟ್ ಮೈದಾನದಷ್ಟೂ ಆಗದು. ಹೀಗಾಗಿ ನೆಲದ ಪ್ರಮಾಣ ಬೇರೆ, ಗೊಂಬೆಯ ಪ್ರಮಾಣ ಬೇರೆ. ಒಂದು ಗೊಂಬೆ ಎಂದರೆ ನೂರಾರು ಜನ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೂ ಹೋಗಿ ಕೃಷ್ಣೆಯ ದಂಡೆಯಲ್ಲಿ ನಿಂತು ಬಂದೆವು. ಶರಣೆ ನೀಲಮ್ಮನ ಕ್ಷೇತ್ರವೆಂದು ಭಕ್ತರು ಬರುವ ಶಾಂತವಾದ ಊರು. ಯುದ್ಧ ನಡೆದ ಜಾಗ ಯಾವುದೆಂದು ಇತಿಹಾಸಕಾರರಲ್ಲೇ ಒಮ್ಮತವಿಲ್ಲ. ಮಕ್ಕಳು ಹೊಳೆಯ ಮರಳು ಒಂದು ಚೀಲ ತಂದರು, ಹಲಗೆಯ ಮೇಲೆ ಅಂಟಿಸಲು.

ಈಗ ಉಳಿದಿರುವುದು ಆನೆಗಳು ಮತ್ತು ರಾಮರಾಯನ ಪಲ್ಲಕ್ಕಿ. ಸುಲ್ತಾನರ ಕಡೆಯ ಆನೆಯೊಂದು ನುಗ್ಗಿ ಬಂದಾಗ ಪಲ್ಲಕ್ಕಿ ಹೊತ್ತವರು ಅದನ್ನು ಅಲ್ಲೇ ಬಿಟ್ಟು ಓಡಿದರೆಂದು ಫೆರಿಷ್ತಾ ಹೇಳುತ್ತಾನೆ. ಹೊತ್ತು ನಿಂತ ಬೋಯಿಗಳನ್ನು ಮಾಡಬೇಕೋ, ಓಡುವ ಬೋಯಿಗಳನ್ನು ಮಾಡಬೇಕೋ ಎಂಬ ವಾದ ಇನ್ನೂ ಮುಗಿದಿಲ್ಲ. ಎರಡನ್ನೂ ಮಾಡಿ, ಆನೆ ಬಂದ ಮೇಲೆ ಬದಲಿಸಿದರಾಯಿತು ಎಂದು ತೋಪುಖಾನೆಯ ಹುಡುಗ ಹೇಳುತ್ತಿದ್ದಾನೆ. ಆನೆ ಎರೆಮಣ್ಣಿನದೇ, ನಾಲ್ಕು ಸೆಂ.ಮೀ.ಗೂ ಕಡಿಮೆ ಎತ್ತರವಾದರೂ ಅದರ ಕಾಲು ದಪ್ಪ. ಮಣ್ಣಿಗೆ ಹತ್ತಿಯ ಎಳೆ ಬೆರೆಸಿ ನೆರಳಲ್ಲಿ ಒಣಗಿಸಿದರೆ ಬಿರಿಯದೆ ನಿಲ್ಲುತ್ತದೆ. ಹನ್ನೊಂದು ಬೇಕು, ನಾಲ್ಕು ಆಗಿವೆ.