ಐದನೇ ಬೆರಳು

ನಾನು ಪುಣೆಗೆ ಬಂದದ್ದು 2003ರ ಜೂನ್ ತಿಂಗಳಲ್ಲಿ. ಮದುವೆಯಾಗಿ ಹದಿನೈದು ದಿನವೂ ಆಗಿರಲಿಲ್ಲ. "ಎರಡೇ ವರ್ಷ, ಆಮೇಲೆ ಬೆಂಗಳೂರಿಗೆ ವರ್ಗ ಮಾಡಿಸಿಕೊಳ್ತೀನಿ" ಅಂತ ನಮ್ಮವರು ತೀರ್ಥಹಳ್ಳಿಯಲ್ಲಿ ಅಮ್ಮನಿಗೆ ಮಾತು ಕೊಟ್ಟಿದ್ದರು. ಆ ಎರಡು ವರ್ಷ ಇನ್ನೂ ಮುಗಿದಿಲ್ಲ!

ಬಿ.ಎಡ್. ಆಗಿತ್ತು. ಮನೆಯಲ್ಲಿ ಕೂತು ಬೇಜಾರು. ಮರಾಠಿ ಒಂದು ಮಟ್ಟಕ್ಕೆ ಬಾಯಿಗೆ ಹತ್ತಿದ ಮೇಲೆ ಇಲ್ಲೇ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಟೀಚರ್ ಆದೆ. ಅಲ್ಲಿ ನನಗೆ ಮೊದಲು ಗಂಟುಬಿದ್ದ ಪಾಠವೇ 'ಸ್ಟೋರಿ ಎಲಿಮೆಂಟ್ಸ್'. ಅಂದರೆ ಕತೆಯ ಅಂಗಾಂಗಗಳು. ಕ್ಯಾರೆಕ್ಟರ್, ಸೆಟ್ಟಿಂಗ್, ಪ್ರಾಬ್ಲಂ, ಸೊಲ್ಯೂಷನ್ ಅಂತ ನಾಲ್ಕು ಬಣ್ಣದ ಚೌಕ ಇರುವ ಚಾರ್ಟು. ಮಕ್ಕಳು ಕತೆ ಓದಬೇಕು, ಚೌಕ ತುಂಬಬೇಕು.

ಮೊದಮೊದಲು ನನಗೆ ನಗು ಬರುತ್ತಿತ್ತು. ನಮ್ಮಜ್ಜಿ ಅಡಿಕೆ ಸುಲಿಯುತ್ತಾ ಕತೆ ಹೇಳುವಾಗ "ಇದರಲ್ಲಿ ಸೆಟ್ಟಿಂಗ್ ಯಾವುದು ಹೇಳು" ಅಂತ ಕೇಳಿದ್ದರೆ ನಾವು ಎದ್ದು ಓಡುತ್ತಿದ್ದೆವು. ಆದರೆ ಇದೇನು ಇವತ್ತಿನ ಹುಚ್ಚಲ್ಲ. ಕತೆಗೆ ಆದಿ, ಮಧ್ಯ, ಅಂತ್ಯ ಇರಬೇಕು ಎಂದು ಅರಿಸ್ಟಾಟಲ್ ಎಂದೋ ಹೇಳಿದ್ದ. ಜರ್ಮನಿಯ ಗುಸ್ಟಾಫ್ ಫ್ರೈಟಾಗ್ 1863ರಲ್ಲಿ ನಾಟಕಕ್ಕೆ ಏರುವುದು, ತುದಿ, ಇಳಿಯುವುದು ಎಂದು ಒಂದು ಗುಡ್ಡವನ್ನೇ ಬರೆದುಕೊಟ್ಟ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ವಾಕ್ಯಕ್ಕೆ ಇರುವ ಹಾಗೆ ಕತೆಗೂ ಒಂದು ವ್ಯಾಕರಣ ಇದೆ, ಮಕ್ಕಳು ಅದರ ಆಸರೆಯಿಂದಲೇ ಕತೆಯನ್ನು ನೆನಪಿಟ್ಟುಕೊಳ್ಳುತ್ತಾರೆ ಎಂದರು. ಅಲ್ಲಿಂದ ಅದು ಇಳಿದು ಇಳಿದು ನಮ್ಮ ಮೂರನೇ ಕ್ಲಾಸಿನ ಚಾರ್ಟಿಗೆ ಬಂದಿದೆ. ಪಾಠ ಮಾಡುತ್ತಾ ಮಾಡುತ್ತಾ ನನಗೂ ಅದರಲ್ಲಿ ನಂಬಿಕೆ ಬಂತು ಅನ್ನಿ. ತಲೆಬುಡ ಇಲ್ಲದೆ "ಆಮೇಲೆ, ಆಮೇಲೆ" ಅಂತ ಬರೆಯುತ್ತಿದ್ದ ಮಕ್ಕಳು ಈ ಚೌಕದಿಂದ ಒಂದು ದಾರಿಗೆ ಬರುತ್ತಿದ್ದವು.

2022ರ ಮಳೆಗಾಲ ಕಳೆದ ಮೇಲೆ ಪರಿಚಯದವರೊಬ್ಬರು ಕೇಳಿದರು: "ಬಾಲೆವಾಡಿ ಹತ್ತಿರ ಒಂದು ಬಿಲ್ಡಿಂಗ್ ಸೈಟಿನಲ್ಲಿ ಕೂಲಿಯವರ ಮಕ್ಕಳಿದ್ದಾರೆ. ಸುಮಾರು ಮಕ್ಕಳು ಕರ್ನಾಟಕದವು. ಭಾನುವಾರ ಒಂದೆರಡು ಗಂಟೆ ಕನ್ನಡ ಕಲಿಸ್ತೀರಾ?" ಪುಣೆಯಲ್ಲಿ ಕನ್ನಡವೇನೂ ಅನಾಥವಲ್ಲ. ಇಲ್ಲಿನ ಕನ್ನಡ ಸಂಘ 1918ರಷ್ಟು ಹಳೆಯದು, ಎರಂಡವಣೆಯಲ್ಲಿ ಅವರು ಶಾಲೆಗಳನ್ನೇ ನಡೆಸುತ್ತಾರೆ. ಆದರೆ ಪತ್ರಾ ಶೆಡ್ಡಿನಲ್ಲಿ ಬಿಡಾರ ಹೂಡಿ, ಕಟ್ಟಡ ಮುಗಿದ ಕೂಡಲೇ ಇನ್ನೊಂದು ಕಡೆಗೆ ಹೊರಡುವ ಮಕ್ಕಳು ಬಾಲೆವಾಡಿಯಿಂದ ಅಲ್ಲಿಗೆ ಹೋಗುವುದು ಹೇಗೆ? ಒಪ್ಪಿಕೊಂಡೆ.

ಹೋದ ಮೊದಲ ದಿನವೇ ಹದಿಮೂರು ಮಕ್ಕಳು. ಕಲಬುರಗಿ, ಯಾದಗಿರಿ ಕಡೆಯವು. ನನ್ನನ್ನು "ಅಕ್ಕೋರೆ" ಅಂತ ಕರೆದವು. ಇಪ್ಪತ್ತು ವರ್ಷ 'ಮಿಸ್', 'ಬಾಯಿ' ಅನ್ನಿಸಿಕೊಂಡ ಕಿವಿಗೆ ಆ ಒಂದು ಮಾತಿನಿಂದ ಏನಾಯಿತು ಅಂತ ಊರಲ್ಲಿರುವ ನಿಮಗೆ ಹೇಳಿದರೆ ಅತಿಯಾಯ್ತು ಅನ್ನಿಸಬಹುದು. ಬಿಡಿ.

ಚಾರ್ಟು ಅಲ್ಲಿ ನಡೆಯುವ ಹಾಗಿರಲಿಲ್ಲ. ಗೋಡೆಯೇ ಇಲ್ಲ, ಎಲ್ಲಿ ತೂಗುಹಾಕುವುದು? ಬೆರಳು ಹಿಡಿದೆ. ಹೆಬ್ಬೆರಳು: ಯಾರು? ತೋರುಬೆರಳು: ಎಲ್ಲಿ, ಯಾವಾಗ? ನಡುಬೆರಳು: ಅವರಿಗೆ ಏನು ಬೇಕಿತ್ತು? ಉಂಗುರ ಬೆರಳು: ಆದರೆ ಏನು ಅಡ್ಡ ಬಂತು? ಕಿರುಬೆರಳು: ಕೊನೆಗೆ ಏನಾಯ್ತು? ಕತೆ ಹೇಳುತ್ತಾ ಒಂದೊಂದೇ ಬೆರಳು ಬಿಚ್ಚಬೇಕು. ಐದೂ ಬಿಚ್ಚಿದರೆ ಕತೆ ಪೂರ್ತಿ.

'ಎಲ್ಲಿ' ಅನ್ನುವ ಬೆರಳಿಗೆ ಊರಿನ ಚಿತ್ರ ಬರೆಯಲು ಹೇಳಿದೆ. ಎಲ್ಲರ ಹಾಳೆಯಲ್ಲೂ ಹನುಮಂತನ ಗುಡಿ, ಬೇವಿನ ಮರ. ಅಫಜಲಪುರ ತಾಲ್ಲೂಕಿನ ಒಂದು ಹುಡುಗಿ ಮಾತ್ರ ಹಾಳೆ ತುಂಬ ಹೊಳೆ ಬರೆದಿತ್ತು. ಒಂಬತ್ತು ವರ್ಷ ಇರಬಹುದು, ಮಾತೇ ಆಡದ ಮಗು. ಇಲ್ಲಿ ಪುಟ್ಟಿ ಅನ್ನೋಣ. "ಇದು ಭೀಮಾ ಹೊಳೆಯಾ?" ಅಂದೆ. ತಲೆ ಆಡಿಸಿತು. ಸೈಟಿನ ಹಿಂದೆಯೇ ಮುಳಾ ನದಿ. ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ ಹೇಳಿದೆ: "ಈ ನೀರು ದಾಪೋಡಿ ಹತ್ತಿರ ಪವನಾ ನದೀನ ಸೇರಿಸಿಕೊಳ್ಳುತ್ತೆ, ಪುಣೆ ಸಂಗಮದಲ್ಲಿ ಮುಠಾನ ಸೇರಿಸಿಕೊಳ್ಳುತ್ತೆ, ಆಮೇಲೆ ಭೀಮೆಗೆ ಸೇರಿ, ಉಜನಿ ಡ್ಯಾಮು, ಪಂಢರಪುರ ದಾಟಿ ನಿಮ್ಮ ಊರಿನ ಕಡೆಗೇ ಹೋಗುತ್ತೆ." ಮಕ್ಕಳು ಆ ಕಪ್ಪು ನೀರನ್ನು ಬಗ್ಗಿ ಬಗ್ಗಿ ನೋಡಿದವು. "ಖರೇನ್ರಿ?" ಅಂತ ಒಬ್ಬ. ಪುಟ್ಟಿ ಏನೂ ಕೇಳಲಿಲ್ಲ. ಆದರೆ ಎಲ್ಲರೂ ಹೊರಟ ಮೇಲೂ ಅಲ್ಲೇ ನಿಂತಿತ್ತು.

ಮುಂದಿನ ವಾರ ಗುಬ್ಬಕ್ಕ-ಕಾಗಕ್ಕನ ಕತೆ. ನಮ್ಮಜ್ಜಿಯ ಕತೆಯಲ್ಲಿ ಗುಬ್ಬಿಯದು ಕಲ್ಲಿನ ಮನೆ, ಕಾಗೆಯದು ಸಗಣಿ ಮನೆ. ನನ್ನ ಮೂರನೇ ಕ್ಲಾಸಿನ ಮರಾಠಿ ಮಕ್ಕಳಿಗೂ ಇದು ಗೊತ್ತು. ಅವರ ಚಿಮಣಿಯದು ಮೇಣದ ಮನೆ, ಅಷ್ಟೇ ವ್ಯತ್ಯಾಸ. ಕಾಗೆ ಮಾತ್ರ ಎರಡೂ ಭಾಷೆಯಲ್ಲಿ ಸಗಣಿಯಲ್ಲೇ ಇದೆ, ಪಾಪ. ಜೋರು ಮಳೆ ಬಂದು ಕಾಗೆಯ ಮನೆ ಕೊಚ್ಚಿ ಹೋಗುತ್ತೆ, ಅದು ಗುಬ್ಬಿಯ ಬಾಗಿಲು ತಟ್ಟುತ್ತೆ, ಗುಬ್ಬಿ ಒಂದಲ್ಲ ಒಂದು ನೆವ ಹೇಳಿ ಕಾಯಿಸುತ್ತೆ. "ಕಾಗೆಗೆ ಯಾಕೆ ಹೀಗಾಯ್ತು?" ಅಂದೆ. "ಅದು ಮೈಗಳ್ಳ ರೀ, ಚೊಲೋ ಮನಿ ಕಟ್ಟಲಿಲ್ಲ" ಅಂತ ಎಲ್ಲ ಒಂದೇ ಸ್ವರ. ನನ್ನ ಶಾಲೆಯಲ್ಲೂ ಪ್ರತಿ ವರ್ಷ ಇದೇ ಉತ್ತರ.

ಆಗ ಪುಟ್ಟಿ ಮೊದಲ ಸಲ ಬಾಯಿ ಬಿಟ್ಟಿತು. "ಕಾಗಿದು ತಪ್ಪಿಲ್ರಿ ಅಕ್ಕೋರೆ. ಅದಕ್ಕ ಕಲ್ಲು ಸಿಕ್ಕಿಲ್ಲ. ಸಗಣಿ ಸಿಕ್ತು, ಕಟ್ಟಿತು."

ನನಗೆ ಉತ್ತರ ಹೊಳೆಯಲಿಲ್ಲ. ಅವರ ಮನೆಯ ಸಂಗತಿ ಆಮೇಲೆ ತಿಳಿಯಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರದ ಕಡೆ ಊರೂರೇ ನೀರಲ್ಲಿ ನಿಂತದ್ದು ನಿಮಗೆ ನೆನಪಿರಬಹುದು. ಅವರ ಮಣ್ಣಿನ ಮನೆ ಆಗ ಕುಸಿಯಿತಂತೆ. ಸಾಲ ತೀರಿಸಲು ಪುಣೆಗೆ ಬಂದವರು.

ಅವತ್ತು ಮನೆಗೆ ಬಂದು ಹುಡುಕಿ ಒಂದು ಕತೆ ತೆಗೆದೆ. ಮೈಸೂರಿನ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆ. ಅವರೂ 1950ರ ದಶಕದ ಕೊನೆಗೆ ಇದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಓದಿದವರು. ಅವರು ತೀರಿಕೊಂಡ ಮೇಲೆ, 1997ರಲ್ಲಿ, ಅವರ ಕನ್ನಡ ಕತೆಗಳ ಪುಸ್ತಕ ಇಂಗ್ಲಿಷಿನಲ್ಲಿ ಬಂತು, ಅದರಲ್ಲಿದೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತೆ. ಯಾರಿಗೂ ಹೇಳುವುದಿಲ್ಲ. ಒಳಗೇ ಇದ್ದು ಇದ್ದು ಅವಕ್ಕೆ ಉಸಿರುಕಟ್ಟುತ್ತೆ. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಿದ್ದು, ಕತೆ ಜೋಡು ಆಗಿ ಬಾಗಿಲಲ್ಲಿ ಕೂರುತ್ತೆ, ಹಾಡು ಅಂಗಿಯಾಗಿ ಗೂಟಕ್ಕೆ ನೇತಾಡುತ್ತೆ. ಗಂಡ ಬಂದು "ಯಾರ ಜೋಡು? ಯಾರ ಅಂಗಿ?" ಅಂತ ಜಗಳ ತೆಗೆದು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಆರಿಸಿದ ದೀಪಗಳೆಲ್ಲ ರಾತ್ರಿ ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವೆ. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನು ಹೇಳುತ್ತೆ. ಮಾರನೇ ದಿನ ಅವನು ಆ ಕತೆ ಯಾವುದು ಅಂತ ಕೇಳಿದರೆ ಹೆಂಡತಿಗೆ ಮರೆತೇ ಹೋಗಿದೆ!

ಮಕ್ಕಳು ಜೋಡಿನ ಜಾಗದಲ್ಲಿ ಬಿದ್ದು ಬಿದ್ದು ನಕ್ಕವು. ಹೊರಡುವಾಗ ಪುಟ್ಟಿ ನನ್ನ ಸೆರಗು ಹಿಡಿದು, "ನನ್ನ ಬಲ್ಲೇಕನೂ ಒಂದು ಕತಿ ಅದರಿ. ಬರದು ತರಲೇನ್ರಿ?" ಅಂದಿತು.

ತಂದಿತು. ಒತ್ತು ತಪ್ಪಿತ್ತು, ದೀರ್ಘ ತಪ್ಪಿತ್ತು. ಕತೆ ಮಾತ್ರ ಹೀಗೆ: ಒಂದು ಹುಡುಗಿ ಇತ್ತು. ಅದು ಪುಣೆಯಾಗ ಇತ್ತು. ಅದಕ್ಕ ಆಯಿ ಬೇಕಿತ್ತು. ಆದರ ಆಯಿ ದೂರ ಇದ್ದಳು. ಅದಕ್ಕ ಹುಡುಗಿ ದಿನಾ ಹೊಳಿಗೆ ಹೋಗಿ ನೀರಾಗ ಒಂದು ಎಲಿ ಬಿಡತಿತ್ತು.

ಅಷ್ಟೇ. ನಾಲ್ಕು ಬೆರಳು.

ಇಲ್ಲಿ ನನ್ನ ದಡ್ಡತನ ಹೇಳಲೇಬೇಕು. ಪುಣೆಯಲ್ಲಿ ಆಯಿ ಅಂದರೆ ತಾಯಿ. ಇಷ್ಟು ವರ್ಷದಲ್ಲಿ ನನ್ನ ಕಿವಿ ಮರಾಠಿಯದೇ ಆಗಿಬಿಟ್ಟಿದೆ. ಪುಟ್ಟಿಯ ತಾಯಿ ಅಲ್ಲೇ ಮರಳು ಹೊರುತ್ತಿದ್ದಾಳೆ. ಹಾಗಾಗಿ ಇದು ಮಗು ಕಟ್ಟಿದ ಕತೆ, ಎಷ್ಟು ಚೆನ್ನಾಗಿ ಕಟ್ಟಿದೆ ಅಂದುಕೊಂಡೆ. ಕಲಬುರಗಿಯ ಕಡೆ ಆಯಿ ಅಂದರೆ ಅಜ್ಜಿ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಟೀಚರ್ ಕೈ ಸುಮ್ಮನಿರುತ್ತದೆಯೇ? ಕೆಂಪು ಪೆನ್ನಿನಲ್ಲಿ ಬರೆದೆ: "ಚೆನ್ನಾಗಿದೆ. ಆದರೆ ಕತೆ ಮುಗಿದಿಲ್ಲ. ಕೊನೆಗೆ ಏನಾಯ್ತು?"

ಮುಂದಿನ ಭಾನುವಾರ ಎರಡು ಸಾಲು ಸೇರಿತ್ತು. ಆಯಿ ಬಸ್ಸಿನಾಗ ಬಂದಳು. ಎಲ್ಲಾರೂ ಸುಖವಾಗಿ ಇದ್ದರು. ಐದೂ ಬೆರಳು ಬಿಚ್ಚಿ ನನಗೆ ತೋರಿಸಿತು. ಚಪ್ಪಾಳೆ ತಟ್ಟಿಸಿದೆ. ಒಂದು ಬಂಗಾರದ ಬಣ್ಣದ ನಕ್ಷತ್ರವನ್ನೂ ಅಂಟಿಸಿದೆ.

ಸಂಜೆ ಅದರ ತಾಯಿ ಕೈ ತೊಳೆದುಕೊಂಡು ನೋಟ್‌ಬುಕ್ಕು ಹಿಡಿದು ಬಂದಳು. "ನನಗ ಓದಾಕ ಬರೂದಿಲ್ರಿ ಅಕ್ಕೋರೆ. ಚುಕ್ಕಿ ಹಚ್ಚೀರಂತ. ಏನು ಬರದಾಳ ಓದಿ ಹೇಳ್ರಿ." ನಾನು ಹೆಮ್ಮೆಯಿಂದಲೇ ಓದಿದೆ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಅವಳ ಮುಖ ನೋಡಿ ದನಿ ತಾನೇ ಇಳಿಯಿತು.

"ಆಯಿ ಅಂದರ ನಮ್ಮತ್ತಿರಿ. ಇಕಿನ್ನ ಜ್ವಾಪಾನ ಮಾಡಿದ್ದು ಅವರೇ. ಹೋದ ಪಂಚಮ್ಯಾಗ ತೀರಿಕೊಂಡರು. ನಾವು ಬಸ್ ಹಿಡದು ಹೋಗೂದ್ರಾಗ ಮಣ್ಣು ಆಗಿತ್ತು."

"ಪುಟ್ಟಿಗೆ... ಗೊತ್ತಿಲ್ವಾ?"

"ಗೊತ್ತದರಿ. ನೀವು ಕೇಳೀರಲ್ಲ, ಅದಕ್ಕ ಬರದಾಳ."

ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನಕ್ಷತ್ರದ ಮೇಲೆ ಒಮ್ಮೆ ಬೆರಳು ಆಡಿಸಿ ನೋಟ್‌ಬುಕ್ಕು ತೆಗೆದುಕೊಂಡು ಹೋದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ಹೀಗೆ ಎಷ್ಟು ಮಕ್ಕಳ ಕೈಯಲ್ಲಿ ಸುಳ್ಳು ಬರೆಸಿ ನಕ್ಷತ್ರ ಅಂಟಿಸಿದ್ದೇನೋ!

ಮುಂದಿನ ವಾರ ಪುಟ್ಟಿಯ ಪಕ್ಕದಲ್ಲಿ ಕೂತೆ. "ನಾನು ಹಾಗೆ ಬರೆದದ್ದು ತಪ್ಪಾಯ್ತು ಕಣೇ. ನಿನ್ನ ಮೊದಲಿನ ಕತೆಯೇ ಚೆನ್ನಾಗಿತ್ತು" ಅಂದೆ. ಅದು ಸುಮಾರು ಹೊತ್ತು ಯೋಚಿಸಿತು. "ಹಂಗಾದ್ರ ಕಿರಿಬೆರಳು?" ಅಂದಿತು. ನನಗೇನು ಗೊತ್ತು? "ನೀನೇ ಹೇಳು" ಅಂದೆ. ಆ ಎರಡು ಸಾಲನ್ನು ಅದೇ ನಿಧಾನಕ್ಕೆ ರಬ್ಬರಿನಿಂದ ಅಳಿಸಿ, ಅದೇ ಜಾಗದಲ್ಲಿ ಬರೆಯಿತು: ಎಲಿ ಇನ್ನೂ ಹೋಗಲಿಕ್ಕತ್ತದ.

2023ರ ಮಾರ್ಚಿನಲ್ಲಿ ಆ ಕಟ್ಟಡದ ಕೆಲಸ ಮುಗಿಯಿತು. ಒಂದು ಭಾನುವಾರ ಹೋದರೆ ಶೆಡ್ಡುಗಳನ್ನೆಲ್ಲ ಬಿಚ್ಚಿ ಪತ್ರಾ ಒಟ್ಟಿದ್ದರು. ಒಂದಷ್ಟು ಜನ ವಾಘೋಲಿ ಕಡೆ ಹೋದರು, ಒಂದಷ್ಟು ಜನ ಊರಿಗೆ ಹೋದರು ಅಂತ ವಾಚ್‌ಮನ್ ಹೇಳಿದ. ಪುಟ್ಟಿಯವರು ಎತ್ತ ಹೋದರೋ ಅವನಿಗೂ ಗೊತ್ತಿರಲಿಲ್ಲ.

ನನ್ನ ಮೂರನೇ ಕ್ಲಾಸಿನಲ್ಲಿ ಆ ನಾಲ್ಕು ಚೌಕದ ಚಾರ್ಟು ಈಗಲೂ ಇದೆ. 'ಸೊಲ್ಯೂಷನ್' ಅನ್ನುವ ಮಾತಿನ ಮೇಲೆ ಬಿಳಿ ಕಾಗದ ಅಂಟಿಸಿ 'ಕೊನೆಗೆ' ಅಂತ ಬರೆದಿದ್ದೇನೆ. ಪ್ರಾಬ್ಲಂ ಹೇಳಿ, ಅದು ಪರಿಹಾರ ಆಗಲೇಬೇಕು ಅಂತಿಲ್ಲ, ಕೊನೆಗೆ ಹೇಗಿದೆಯೋ ಹಾಗೆ ಬರೆಯಿರಿ ಅನ್ನುತ್ತೇನೆ. ಕೆಂಪು ಪೆನ್ನನ್ನು ಕಾಗುಣಿತಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಪ್ರತಿ ಭಾನುವಾರ ರಾತ್ರಿ ತೀರ್ಥಹಳ್ಳಿಯಿಂದ ಅಮ್ಮನ ಫೋನು. ಪ್ರಶ್ನೆ ಒಂದೇ: "ಯಾವಾಗ್ಲೇ ಬರೋದು, ಪೂರ್ತಿಯಾಗಿ?" ಇಷ್ಟು ವರ್ಷವೂ "ಮುಂದಿನ ವರ್ಷ ಖಂಡಿತ ಅಮ್ಮ" ಅನ್ನುತ್ತಿದ್ದೆ. ಅದೂ ಒಂದು ನಕ್ಷತ್ರಕ್ಕಾಗಿ ಬರೆದ ಸಾಲೇ. ಈಗ ಹಾಗೆ ಅನ್ನುವುದನ್ನು ಬಿಟ್ಟಿದ್ದೇನೆ. "ಗೊತ್ತಿಲ್ಲಮ್ಮ. ಬರಬೇಕು ಅಂತಂತೂ ಇದೆ" ಅಂತೇನೆ.

ಮೊದಲ ಸಲ ಹಾಗಂದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆಯ್ತು ಬಿಡು. ಊಟ ಆಯ್ತಾ?" ಅಂದಳು.