ಮೊದಲ ರೊಟ್ಟಿ

ಚಾರೆಪ್ತದ ವಿಧವೆಯ ಮಡಕೆಯಲ್ಲಿ ಉಳಿದಿದ್ದು ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ತುಸು ಎಣ್ಣೆ. ಊರಿಗೆಲ್ಲ ಬರ. ಕೊನೆಯ ರೊಟ್ಟಿ ಸುಟ್ಟು, ತಾನೂ ಮಗನೂ ತಿಂದು ಸಾಯೋಣವೆಂದು ಸೌದೆ ಆಯುತ್ತಿದ್ದವಳನ್ನು ಪ್ರವಾದಿ ಎಲೀಯ ಕೇಳಿದ್ದು, ಮೊದಲು ತನಗೊಂದು ರೊಟ್ಟಿ. ಹಿಟ್ಟು ಮುಗಿಯದು ಎಂದು ಅವನು ತಿಳಿಸಿದ ದೇವರ ಮಾತನ್ನು ನಂಬಿ ಆಕೆ ಕೊಟ್ಟಳು (1 ಅರಸುಗಳು 17).

ಅವಳ ಕಣಜವೇನೂ ತುಂಬಲಿಲ್ಲ. ಆದರೆ ಬರ ಮುಗಿಯುವವರೆಗೂ ಮಡಕೆ ಬರಿದಾಗಲಿಲ್ಲ. ಮುಂದೆ ಅದೇ ಮನೆಯಲ್ಲಿ ಮಗ ಕಾಯಿಲೆ ಬಿದ್ದು ತೀರಿಕೊಂಡ. ದೇವರು ಅವನನ್ನು ಮತ್ತೆ ಬದುಕಿಸಿದನು. ನಂಬಿದವರ ಮನೆಗೂ ಕಷ್ಟ ಬರುತ್ತದೆ, ದೇವರು ಮಾತ್ರ ಆ ಮನೆಯ ಕೈಬಿಡುವುದಿಲ್ಲ.

ಆ ವಿಧವೆ ಮೊದಲ ರೊಟ್ಟಿ ಕೊಟ್ಟಂತೆ, ಸಂಬಳದ ದಿನ ಬಾಡಿಗೆ, ಶಾಲೆ ಫೀಸು, ಸಾಲದ ಕಂತು ಸಾಲುಗಟ್ಟಿ ನಿಂತಾಗಲೂ ದೇವರ ಕಾಣಿಕೆಯ ಕವರನ್ನು ಮೊದಲು ಎತ್ತಿಡಿ. ಬೆಳಗ್ಗೆ ಫೋನ್ ಮುಟ್ಟುವ ಮುಂಚೆ ಪ್ರಾರ್ಥನೆಗೆ ಕೂರಿ. ಈ ದಿನಕ್ಕೆ ನಮಗೆ ಏನು ಬೇಕೆಂದು ದೇವರಿಗೆ ಗೊತ್ತು.